ಭೋಸರಿಯಲ್ಲಿ ಗಂಜಿ

ಐನೂರು ಎಳೆಗಳ ಒಂದು ಜಡೆ.
ಒಂದೊಂದೂ ನನ್ನ ತಲೆಗೂದಲಿನ ಕಾಲುಭಾಗ ದಪ್ಪ,
ಕಪ್ಪು, ಕಲ್ಲಿನ ಕುಲದ್ದು.
ತಾಮ್ರ ನೀರಾಗುವ ಬಿಸಿಯಲ್ಲೂ ಆಕಾರ ಬಿಡದು,
ಉಗುರು ತಾಗಿದರೆ ಮಾತ್ರ, ಟಿಕ್.

ರೀಲಿನಿಂದ ಬಿಚ್ಚುವಾಗ ಉಸಿರು ಹಿಡಿಯುತ್ತೇನೆ.
ಕೈಗವಸು ಎರಡು ಪದರ, ಬಳೆಗಳು ಲಾಕರಿನಲ್ಲಿ.
ಮೊದಲ ಬೆಂಕಿಗೆ ಹಳೆಯ ಗಂಜಿ ಹೋಗಬೇಕು,
ದೂರದ ಕಾರ್ಖಾನೆಯವರು ಸಾಗಣೆಗೆಂದು ಬಳಿದದ್ದು.

ಗಂಜಿ ಅನ್ನುವವಳು ನಾನೊಬ್ಬಳೇ.
ಇಲ್ಲಿ ಅದು ಸೈಜಿಂಗ್.
ಸೊಲ್ಲಾಪುರದ ಗಿರಣಿಯಲ್ಲೂ ಸೈಜಿಂಗ್ ಖಾತೆ ಎಂದೇ ಬೋರ್ಡು,
ಅದರ ಕೆಳಗೆ ಇಪ್ಪತ್ತೆರಡು ವರ್ಷ ನಿಂತ ಅಪ್ಪ
ಗಂಜಿ ಎಂದೇ ಅಂದ.
ಮೆಕ್ಕೆಜೋಳದ ಹಿಟ್ಟು, ಚೂರು ಕೊಬ್ಬು, ಹಬೆ.
ಹಾಸಿನ ನೂಲನ್ನು ಕೆನ್ನೆಗೆ ಒತ್ತಿ
ಹದ ಬಂತೋ ಇಲ್ಲವೋ ಹೇಳುತ್ತಿದ್ದ;
ಮೀಟರು ಇತ್ತು, ಅದನ್ನು ಸಾಹೇಬರು ನೋಡುತ್ತಿದ್ದರು.

ನನ್ನ ಕುಲುಮೆ ನಿಂತ ಕೊಳವೆ,
ಒಳಗೆ ಗಾಳಿಯೂ ಇಲ್ಲ.
ಎರಡು ಅನಿಲ ಬಿಡುತ್ತೇವೆ. ಒಂದು ಅಮೋನಿಯಾ,
ಮೂಗಿಗೆ ಗೊತ್ತು. ಇನ್ನೊಂದು
ಮೂಗಿಗೆ ಗೊತ್ತಾಗಲೇಬಾರದು.
ಅವೆರಡೂ ಎಳೆಯ ಮೈಮೇಲೆ ಭೇಟಿಯಾಗಿ
ಬಿಳಿಯ ಮೆದು ಪೊರೆಯಾಗುತ್ತವೆ,
ಮೈಕ್ರಾನಿನ ಮೂರನೇ ಒಂದು ಪಾಲು.
ಕಣ್ಣಿಗೆ ಬಿಳಿಯೂ ಕಾಣದು:
ಮಳೆ ನಿಂತ ಮೇಲೆ ನಾಶಿಕ್ ಫಾಟಾದಲ್ಲಿ
ಡೀಸೆಲ್ ಚೆಲ್ಲಿದ ನೀರಿಗಿರುತ್ತದಲ್ಲ,
ಆ ನೀಲಿ, ಆ ನೇರಳೆ, ಒಂದು ಕಡೆ ಹೊನ್ನು.
ಹೊನ್ನು ಬಂದ ಕಡೆ ದಪ್ಪ ಬೇರೆ.
ಬಣ್ಣ ನೋಡಿ ಬರೆದುಕೊಳ್ಳುತ್ತೇನೆ,
ಯಂತ್ರ ಮರುದಿನ ಹೌದೆನ್ನುತ್ತದೆ.

ಜುಲೈಯ ಪಟ್ಟಿ ಗಾಜಿನಂತೆ ಮುರಿಯಿತು.
ಒಂದೇ ಸದ್ದು. ಗೀಟು ಎಳೆದಂಥ ತುಂಡು.
ದಾಂಡೇಕರ್ ಬಾಯಿ ಕನ್ನಡಕ ಹಣೆಗೇರಿಸಿ
ಆ ಸಪಾಟು ಮುಖವನ್ನೇ ನೋಡಿದರು.
"ಏಕಜೀವ ಆಗಿಬಿಟ್ಟಿದೆ," ಎಂದರು, ಮರಾಠಿಯಲ್ಲಿ,
ವೈದ್ಯರು ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ.
ನನಗೆ ನಗು ತಡೆಯಲಿಲ್ಲ.
ಅಕ್ಕಲಕೋಟೆಯ ಮಂಟಪದಲ್ಲಿ ಅಕ್ಷತೆ ಎಸೆದವರೆಲ್ಲ
ಅದೇ ಮಾತಿನಿಂದ ಹರಸಿದ್ದರು.
ಅದು ಬೇರೆ ಕತೆ, ಬಿಡಿ.

ಎಳೆಗೂ ಅದರ ಸುತ್ತಲಿನ ಕಲ್ಲಿಗೂ ನಡುವೆ
ಏನೂ ಉಳಿದಿರಲಿಲ್ಲ ಸರಿಯಲು.
ಬಿರುಕು ಒಂದು ಕಡೆ ಹೊಕ್ಕು
ತಡೆಯಿಲ್ಲದೆ ಇನ್ನೊಂದು ಕಡೆ ಹೊರಟಿತ್ತು.

ಮೂರು ದಿನ ಹುಡುಕಿದೆ.
ಕೆಳಗಿನ ಮುಚ್ಚಳದ ರಬ್ಬರು ಬಳೆಯಲ್ಲಿ ಸೀಳು,
ಉಗುರಿನಂಚಿನಷ್ಟು. ಅಲ್ಲಿಂದ
ಭೋಸರಿಯ ಇಡೀ ಮಳೆಗಾಲ
ಒಂದೊಂದೇ ಗುಟುಕು ಒಳಗೆ ಇಳಿದು
ಮೆದು ಪೊರೆಯನ್ನು ತಿಂದು ಅಂಟು ಮಾಡಿತ್ತು.
ನಲವತ್ತು ರೂಪಾಯಿಯ ಬಳೆ.
ಬಿಲ್ಲಿಗೆ ಎರಡು ಸಹಿ ಬೇಕಾಯಿತು.

ಆಗಸ್ಟಿನ ಪಟ್ಟಿ ಮುರಿಯಲು ಹೊತ್ತು ಹಿಡಿಯಿತು.
ಜೋಳದ ದಂಟು ಹಿಂಡಿದಂಥ ಸದ್ದು, ನಿಂತು, ಮತ್ತೆ.
ಗೆರೆ ಮೆಟ್ಟಿಲಿಳಿಯುತ್ತ ಇಳಿಯಿತು,
ಮೊಣಕಾಲು ನೋವಿರುವವರ ಹಾಗೆ.
ಸೂಕ್ಷ್ಮದರ್ಶಕದಲ್ಲಿ ಪೊರಕೆ!
ಪ್ರತಿ ಎಳೆಯೂ ತನ್ನ ಅಂಗಿಯೊಳಗೆ ಜಾರಿ
ಉದ್ದುದ್ದ ಹೊರಬಂದು ನಿಂತಿದೆ,
ಬಿರುಕು ಮೆದು ಪೊರೆಯಲ್ಲಿ ಹೊರಳಿ
ದಾರಿ ತಪ್ಪಿ, ಎಲ್ಲೋ ಕುಳಿತುಬಿಟ್ಟಿದೆ.
ದಾಂಡೇಕರ್ ಬಾಯಿ ಎಲ್ಲರಿಗೂ ಚಹಾ ಹೇಳಿದರು.
ನನಗೆ ಸಕ್ಕರೆ ಕಡಿಮೆ ಎಂಬುದು ಅವರಿಗೆ ನೆನಪಿತ್ತು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ.
ಚೆನ್ನಾಗಿ ಮುರೀತು ಎಂದೆ. ಅವನಿಗೆ ಅರ್ಥವಾಗಲಿಲ್ಲ.
ಜಾರಬೇಕಪ್ಪ, ಹಿಡಿದಿರಬೇಕು, ಆದರೆ
ಎಳೆದಾಗ ಜಾರಬೇಕು ಎಂದೆ.
"ಎಷ್ಟು ದಪ್ಪ ಹಚ್ತಿ?"
ಕೂದಲನ್ನು ಇನ್ನೂರು ಸಲ ಸೀಳಿದರೆ ಒಂದು ಪಾಲು, ಎಂದೆ.
ಆ ಕಡೆ ಫ್ಯಾನಿನ ಸದ್ದು ಬಹಳ ಹೊತ್ತು ಕೇಳಿಸಿತು.
"ಅಷ್ಟು ತೆಳ್ಳಗಿದ್ರ," ಎಂದ,
"ಕೆನ್ನಿಗಿ ಹಚ್ಚಿ ಹೆಂಗ ನೋಡ್ತಿ, ಮಗಳ?"

ಓಢಣಿಯಲ್ಲಿ ಇನ್ನೂ ಅಮೋನಿಯಾದ ವಾಸನೆ.
ಬಣ್ಣ ನೋಡ್ತೀನಿ, ಎಂದೆ.