ಒಂದು ಮಾರು

ನ್ಯೂಫೌಂಡ್‌ಲ್ಯಾಂಡಿನ ಈ ತುದಿಯಲ್ಲಿ ಏಪ್ರಿಲ್ ಅಂದರೂ ಚಳಿಯೇ.
ಬೆಂಕಿ ಆರಿಸುವ ಕೆಂಪು ಬಂಡಿಯನ್ನು ಹೊರಗೆ ಗಾಳಿಗೆ ನಿಲ್ಲಿಸಿ
ಅದರ ಜಾಗದಲ್ಲಿ ಮೇಜು ಹಾಕಿದ್ದಾರೆ.
ನೆಲದಲ್ಲಿ ಇನ್ನೂ ಎಣ್ಣೆಯ ಕಲೆ,
ಸರಿಯಾಗಿ ಅದರ ಮೇಲೆ ನನ್ನ ಮೇಜು.

ಊರಿಗೆ ಹೊಸ ಪೈಪು ಬೇಕು.
ಹಳೆಯದು, ಹೋದ ವರ್ಷ ಹೈನ್ಸರ ಷೆಡ್ಡು ಉರಿಯುವಾಗ
ಮೂರು ಕಡೆ ಬಾಯಿ ಬಿಟ್ಟು
ಆರಿಸಲು ಬಂದವರನ್ನೇ ತೋಯಿಸಿತ್ತು.

ಎಡಕ್ಕೆ ಡಾರ್ಕಸ್, ಕಾಡುಹಣ್ಣಿನ ಜಾಮು.
ಬಲಕ್ಕೆ ಪಿನ್ ಅಕ್ಕತಂಗಿಯರು, ಉಣ್ಣೆಯ ಕೈಗವಸು.
ನಡುವೆ ನಾನು, ಹನ್ನೊಂದು ಚಿತ್ರ:
ಏಡಿ ಪೆಟ್ಟಿಗೆಯ ಮುಚ್ಚಳಗಳ ಮೇಲೆ
ದೋಣಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಬರೆದವು.

ಜಾಮಿಗೆ ಬೆಲೆ ಇದೆ: ಸಕ್ಕರೆ, ಸೀಸೆ, ಬೆನ್ನುನೋವು.
ಕೈಗವಸಿಗೂ ಇದೆ. ನನ್ನದಕ್ಕೆ?
ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಚೀಟಿ ಬರೆಯುತ್ತ ಕೂತೆ.
ನಲವತ್ತು ಎಂದು ಬರೆದು, ನಾಚಿಕೆಯಾಗಿ ಹೊಡೆದುಹಾಕಿ
ಇಪ್ಪತ್ತು. ಮಲಗಿದವಳು ಮತ್ತೆ ಎದ್ದುಬಂದು
ಹನ್ನೆರಡು.
ಏಡಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಿಂತವಳು,
ಗಂಟೆಗೆ ನಾನು ಎಷ್ಟೆಂದು ನನಗೆ ಗೊತ್ತು.
ಕಿಟಕಿಯ ಪಕ್ಕ ಕೂತ ಸಂಜೆಗಳು ಎಷ್ಟೆಂದು
ಯಾರೂ ಚೀಟಿ ಕೊಟ್ಟಿಲ್ಲ.

ಜನ ಬಂದರು, ತಲೆ ಓರೆ ಮಾಡಿ ನೋಡಿದರು,
"ಎಲ್ಲ ನೀನೇ ಬರೆದದ್ದಾ?" ಅಂದರು,
"ಪುರುಸೊತ್ತು ಇದೆ ನಿನಗೆ" ಅಂದರು,
ಜಾಮು ಕೊಂಡರು.
ಒಬ್ಬ ಹುಡುಗ ಕೇಳಿದ: ಬರೀ ಮುಚ್ಚಳ ಎಷ್ಟು?
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ಆದರೆ ಆ ಹೆಗ್ಗಣವನ್ನು ಸಂತೆಗೆ ತಂದು
ಕೊರಳಿಗೆ ಚೀಟಿ ಕಟ್ಟಿ
ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಿದೆಯಲ್ಲ,
ಅದು ಬೇರೆ ಮಾತು.

ಎರಡೂವರೆಗೆ ಬ್ಲಾಂಚ್ ಕೀಪಿಂಗ್ ಬಂದಳು,
ಎಂಬತ್ತು ದಾಟಿದವಳು, ಕಾಲಿಗೆ ಗಂಡನ ರಬ್ಬರು ಬೂಟು.
ಮೂರನೆಯ ಚಿತ್ರದೆದುರು ನಿಂತಳು.
ಬಂಡೆಯ ತುದಿಗೆ ಬಿಳಿ ಮನೆ, ಹಸಿರು ಬಾಗಿಲು, ಹಿಂದೆ ಕಡಲು.

"ಬಾಗಿಲು ತಪ್ಪಾಗಿದೆ," ಅಂದಳು.
"ಕೆಂಪು ಇತ್ತು. ಅಪ್ಪನೇ ಬಳಿದದ್ದು.
ಸರ್ಕಾರ ದ್ವೀಪ ಖಾಲಿ ಮಾಡಿಸಿದ ವರ್ಷ
ಪೀಪಾಯಿ ಕಟ್ಟಿ ಮನೆಯನ್ನೇ ನೀರಿಗಿಳಿಸಿ
ಈಚೆ ದಡಕ್ಕೆ ಎಳೆದು ತರುವಾಗ
ಮೂವತ್ತು ಮಾರು ಆಳದ ನಡುನೀರಲ್ಲಿ ಹಗ್ಗ ಹರಿಯಿತು.
ಮನೆ ಬೆನ್ನಡಿಯಾಗಿ ಮಲಗಿತು.
ಬಾಗಿಲು ಕೊನೆಗೆ ಹೋಯಿತು."

ಆ ಮನೆ ನಾನು ಎಲ್ಲೂ ನೋಡಿದ್ದಲ್ಲ.
ಬಿಳಿ ಬಣ್ಣ ಸ್ವಲ್ಪ ಮಿಕ್ಕಿತ್ತು, ಹಾಗಾಗಿ ಒಂದು ಮನೆ.
ಹೇಳಬೇಕೆಂದು ಬಾಯಿ ತೆರೆದೆ,
ಹೇಳಲಿಲ್ಲ.

ಬೀರುವಿನಲ್ಲಿ, ಬಂಡಿಯ ಗೀರು ಮುಚ್ಚಲು ಇಟ್ಟ
ಕೆಂಪಿನ ಪುಟ್ಟ ಡಬ್ಬಿ. ಲಿಯಾಂಡರ್ ತಂದುಕೊಟ್ಟ.
ಕುಂಚ ಇರಲಿಲ್ಲ; ಬೆಂಕಿಕಡ್ಡಿಯ ತುದಿಯಲ್ಲಿ
ಹಸಿರಿನ ಮೇಲೆ ಕೆಂಪು ಎಳೆದೆ.
ಅವಳು ಉಸಿರು ಬಿಗಿಹಿಡಿದು ಬಗ್ಗಿದಳು:
"ಇನ್ನೂ ಕೆಳಗೆ. ಹೊಸ್ತಿಲ ತನಕ."

ಹನ್ನೆರಡು ಡಾಲರು, ಎಲ್ಲ ಚಿಲ್ಲರೆ, ಬಿಸ್ಕತ್ತಿನ ಡಬ್ಬಿಗೆ.
ಚೌಕಾಸಿ ಮಾಡಲಿಲ್ಲ. ಹೊಗಳಲೂ ಇಲ್ಲ.
ಹಸಿ ಬಾಗಿಲು ಒರೆಸಿಹೋಗದಂತೆ
ಬಿಸಿ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು
ಗಾಳಿಗೆ ಬೆನ್ನು ಕೊಟ್ಟು
ಹಿಂದುಹಿಂದಾಗಿ ಹೆಜ್ಜೆ ಇಡುತ್ತ ಮನೆಗೆ ಹೋದಳು.

ಸಂಜೆ ಲೆಕ್ಕ. ಲಿಯಾಂಡರ್ ಕೂಡಿಸಿ ಹೇಳಿದ:
ಜಾಮು, ಹದಿನೇಳು ಮಾರು ಪೈಪು.
ಕೈಗವಸು, ಒಂಬತ್ತು.
ನಿನ್ನದು... ಪೆನ್ಸಿಲು ಕಚ್ಚಿ ಯೋಚಿಸಿ
ಎರಡೂ ತೋಳು ಅಗಲಿಸಿ ತೋರಿಸಿದ.
ಮಾರಿದ್ದು ಒಂದು.
ಒಂದು ಮಾರು.

ಉಳಿದ ಹತ್ತನ್ನು ಕಂಕುಳಲ್ಲಿ ಹೊತ್ತು ಬಂದೆ.
ಉಗುರ ಸಂದಿನಲ್ಲಿ ಬಂಡಿಯ ಕೆಂಪು, ತೊಳೆದರೂ ಹೋಗದು.
ಏಳನೆಯದರಲ್ಲೂ ಒಂದು ಮನೆ ಇದೆ, ನೀಲಿ ಬಾಗಿಲಿನದು.
ಊಟಕ್ಕೆ ಮೊದಲು, ಮೀನಿನ ಚಾಕು ತೆಗೆದುಕೊಂಡು,
ಆ ನೀಲಿಯನ್ನು ಮರ ಕಾಣುವ ತನಕ ಕೆರೆದು
ಹಾಗೇ ಬಿಟ್ಟೆ.