ತಲೆಕಟ್ಟು

ಕ್ಲೈಪೆಡಾ ಬಂದರಿನ ದೋಣಿ ಕಚೇರಿ, ಎರಡನೇ ಮಹಡಿ.
ಹೀಟರ್ ಗೊಣಗುತ್ತಿದೆ. ಮಾರ್ಚ್ ಕಳೆಯಲು ಮೂರೇ ದಿನ.
ಒಂದನೇ ತಾರೀಕಿಗೆ ಸರ್ವರ್ ಹೊಸದಾಗುತ್ತದಂತೆ,
ಹಳೆಯ ಫಂಕ್ಷನ್ನುಗಳಿಗೆ ಅಲ್ಲಿ ಜಾಗವಿಲ್ಲವಂತೆ.

ವರ್ಷಗಟ್ಟಲೆ ಎಚ್ಚರಿಸಿತ್ತು ಪಿಎಚ್‌ಪಿ, ಪುಟಪುಟದ ನೆತ್ತಿಯಲ್ಲಿ.
ಒಂದೇ ಸಾಲು ಬರೆದು
ಅದರ ಬಾಯಿಗೆ ಬಟ್ಟೆ ತುರುಕಿದ್ದೆವು.

ಹುಡುಕಿದೆ: ನೂರಾ ಹನ್ನೆರಡು ಕಡೆ ಇರೆಗ್.
ಒಂದೊಂದನ್ನೂ ಕಿತ್ತು, ಪ್ರೆಗ್ ನೆಟ್ಟು,
ಮಾದರಿಯ ಹಿಂದೊಂದು ಮುಂದೊಂದು ಓರೆಗೆರೆ ಎಳೆಯಬೇಕು.
ಹಳಬನಿಗೆ ಬೇಲಿ ಬೇಕಿರಲಿಲ್ಲ;
ಹೊಸಬ ಗಡಿ ಕಾಣದೆ ಕೆಲಸಕ್ಕೆ ಕೈ ಹಚ್ಚುವುದಿಲ್ಲ.
ಒಂದು ಗೆರೆ ಮರೆತೆ.
ಸ್ಮಿಲ್ಟಿನೆಗೆ ಹೋಗುವ ಏಳೂವರೆಯ ದೋಣಿ
ಪರದೆಯಿಂದ ಮಾಯ.

ಎಂಬತ್ತಾರನೆಯದರ ಬಳಿ ಕೈ ನಿಂತಿತು.
ಮೇಲೊಂದು ಟಿಪ್ಪಣಿ: ಹೆಸರಿನ ತಪಾಸಣೆ. ಮುಟ್ಟಬೇಡಿ.
ತೌತ್ರಿಮಾಸ್, ೨೦೦೩.
ತೌತ್ರಿಮಾಸ್ ಈಗೆಲ್ಲೋ ಜೇನು ಸಾಕುತ್ತಾನೆ.
ಅವನು ಬರೆದದ್ದು ಇಷ್ಟೇ: ಎ ಇಂದ ಜೆಡ್‌ವರೆಗೆ, ನಡುವೊಂದು ಖಾಲಿ ಜಾಗ.
ಅದರಾಚೆ ಮನುಷ್ಯರಿಲ್ಲ.

ನಮ್ಮಲ್ಲಿ ಜೆಡ್ಡಿನ ನೆತ್ತಿಗೆ ಇನ್ನೊಂದು ಗುರುತುಂಟು,
ರೆಕ್ಕೆ ಎತ್ತಿ ಇನ್ನೇನು ಹಾರಲಿರುವ ಹಕ್ಕಿಯಂಥದ್ದು.
ಅದಿಲ್ಲದೆ ಅಕ್ಷರ ಬೋಳು,
ತಲೆಕಟ್ಟು ಹಾಕಲು ಮರೆತ ಮಗುವಿನ ಕಾಗುಣಿತ.

ಟಿಕೆಟ್ ಕಿಟಕಿಯಲ್ಲಿ ಕೂರುವವಳು ಝ್ವಿರ್ಬ್ಲಿಯೆನೆ.
ಗುಬ್ಬಿಯ ಮನೆಯವಳು ಎಂದರ್ಥ.
ಹದಿನೈದು ವರ್ಷ, ದಿನ ಬೆಳಗಾದರೆ,
ಹಕ್ಕಿಯನ್ನು ಹೊರಗೆ ಬಿಟ್ಟೇ ಲಾಗಿನ್ ಆಗಿದ್ದಾಳೆ.
ಕೊನೆಯ ಅಕ್ಷರಕ್ಕೊಂದು ಚುಕ್ಕೆಯೂ ಇತ್ತು,
ಅದನ್ನು ಅವಳೇ ಮರೆತಿದ್ದಳು.
"ಹೇಳಬಾರದಿತ್ತೆ?" ಎಂದೆ.
"ಕೆಂಪಕ್ಷರದಲ್ಲಿ ಬರುತ್ತಿತ್ತಲ್ಲ, ಹೆಸರು ತಪ್ಪಾಗಿದೆ ಅಂತ,"
ಚಿಲ್ಲರೆ ಎಣಿಸುತ್ತ ಅಂದಳು,
"ತಪ್ಪೇ ಇರಬೇಕು ಅಂದುಕೊಂಡೆ."

ಇರೆಗ್ ತೆಗೆದು ಪ್ರೆಗ್ ಇಟ್ಟಿದ್ದರೆ ಸಾಕಿತ್ತು, ಆದೇಶವೂ ಅಷ್ಟೇ.
ತಪ್ಪು ಹೊಸ ಅಂಗಿ ತೊಟ್ಟು
ಇನ್ನಿಪ್ಪತ್ತು ವರ್ಷ ಬಾಳುತ್ತಿತ್ತು.
ಎ ಮತ್ತು ಜೆಡ್ ಅಳಿಸಿದೆ. ಆ ಜಾಗದಲ್ಲಿ:
ಅಕ್ಷರ, ಯಾವ ಲಿಪಿಯದಾದರೂ ಸರಿ.
ಎರಡನೇ ಓರೆಗೆರೆಯ ಆಚೆ ಪುಟ್ಟದೊಂದು ಯು.

ಇಪ್ಪತ್ತಾರು ಬಾಕಿ ಇರುವಾಗಲೇ ಕತ್ತಲಾಯಿತು.
ಕೆಳಗೆ ಪ್ರಿಂಟರು ಕೊನೆಯ ದೋಣಿಯ ರಸೀದಿ ಉಗುಳಿತು,
ಅಡಿಯಲ್ಲಿ ಅವಳ ಹೆಸರು, ಇಡಿಯಾಗಿ.
ದೀಪದ ಹತ್ತಿರ ಹಿಡಿದಳು.
ಆ ಗುರುತನ್ನು ಉಗುರಿನಿಂದ
ಮೆಲ್ಲಗೆ ಕೆರೆದು ನೋಡಿದಳು,
ಕೊಳೆಯೋ ಏನೋ ಎಂದು.