ನಲವತ್ತೊಂದನೆಯ ಕಲ್ವ

ಕಾರವಾರದ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ:
ಚಿಪ್ಪಿನ ಬೆನ್ನಿಗಂಟಿಸಿದ ನಂಬರು ಓದುವುದು,
ಎಪ್ಸಮ್ ಉಪ್ಪಿನ ನೀರಲ್ಲಿ ಕಲ್ವ
ಮಂಪರು ಹತ್ತಿ ಬಾಯಿ ಸಡಿಲಿಸಿದಾಗ
ಸೂಜಿ ತೂರಿಸಿ ಒಂದು ಹನಿ ತೆಗೆದು
ಗಾಜಿನ ಮೇಲೆ ಸವರುವುದು.

ನಲವತ್ತೊಂದು. ಹೋದ ಮಾರ್ಚಿನ ಪುಸ್ತಕದಲ್ಲಿ
ನನ್ನದೇ ಅಕ್ಷರ: ಗಂಡು.
ಬಾಲ ಬಡಿಯುವ ಧೂಳು, ಹೊಗೆಯ ಹಾಗೆ.
ಇವತ್ತು ಅದೇ ಚಿಪ್ಪಿನ ಹನಿಯಲ್ಲಿ
ಗುಂಡು ಗುಂಡು ತತ್ತಿ.
ನಂಬರನ್ನು ಮೂರು ಸಲ ಒರೆಸಿ ನೋಡಿದೆ.

ಶನಿವಾರ ಮಾಣಿಕಟ್ಟೆಗೆ ಹೋದಾಗ ಹೇಳಿದೆ.
ಅಪ್ಪ, ಬೊಮ್ಮಯ್ಯ ಪಟಗಾರ,
ಮೂವತ್ತು ವರ್ಷ ಗಜನಿಯ ಜಂತ್ರಡಿ ಕಾದವನು,
ಬೆರಗಾಗಲಿಲ್ಲ.
"ಮಳೆಗಾಲಕ್ಕೆ ಕಗ್ಗ, ಬೇಸಿಗೆಗೆ ಸಿಗಡಿ.
ಗದ್ದೆ ಬೇರೆಯಾಯ್ತನೇ?
ಹಲಗೆ ಇಳಿಸಿದ್ದೋ ಎತ್ತಿದ್ದೋ, ಅಷ್ಟೇ."

ಅಷ್ಟೇ ಅಲ್ಲಪ್ಪ. ಅಲ್ಲಿ ಒಂದು ಹಲಗೆ
ಇನ್ನೊಂದನ್ನು ಎತ್ತುತ್ತದೆ,
ಅದು ಮತ್ತೊಂದನ್ನು ಒತ್ತಿ ಹಿಡಿಯುತ್ತದೆ.
ಉಪ್ಪು, ಬಿಸಿಲು, ಹೊಟ್ಟೆಗೆ ಸಿಕ್ಕಿದ್ದು,
ಎಲ್ಲದರ ಕೈಯೂ ಇದೆಯಂತೆ.
ಜೀನುಗಳಿಗೆ ಹೆಸರಿಟ್ಟಿದ್ದೇವೆ.

"ಕಾಯುವವ ಯಾರು ಹಾಗಾದರೆ?"

ಗೊತ್ತಿಲ್ಲ.

ಅಪ್ಪ ಬೀಡಿ ಆರಿಸಿದ.
ಒಂದು ಅಮಾಸೆಯ ಉಬ್ಬರದಲ್ಲಿ
ತನಗೂ ನಿದ್ದೆ ಹತ್ತಿತ್ತು, ಎಂದ ಮೆಲ್ಲಗೆ,
ಇದುವರೆಗೆ ಯಾರಿಗೂ ಹೇಳದ್ದು.
ಎದ್ದರೆ ಅರ್ಧ ಗದ್ದೆಗೆ ಉಪ್ಪುನೀರು.
"ಆ ವರ್ಷ ಕಗ್ಗದ ಬುಡದಲ್ಲೇ ಸಿಗಡಿ ಹಿಡಿದೆವು."

ಸೋಮವಾರ ಐವತ್ತೆಂಟನೆಯದರಲ್ಲಿ
ಹೊಗೆಯೂ ಇತ್ತು, ತತ್ತಿಯೂ ಇತ್ತು.
ಪುಸ್ತಕದಲ್ಲಿ ಕಾಲಂ ಎರಡೇ.
ಪೆನ್ನು ಹಿಡಿದು ತುಸು ಹೊತ್ತು ಕೂತು
ನಡುಗೆರೆಯ ಮೇಲೆಯೇ ಬರೆದೆ.